ಚಿತ್ರಕೋಶದ ಕೊಂಡಿಗಳು

ಕಳೆದುಹೋದ ಕಾಲವನ್ನು ಅರಿಯುವುದಕ್ಕೆ ಮನುಷ್ಯನು ಹಲವು ಸಾಧನಗಳನ್ನು ನೆಚ್ಚಿಕೊಂಡು ಬಂದಿದ್ದಾನೆ. ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿಯ ಕ್ರಿ.ಶ. 634ರ ಪ್ರಶಸ್ತಿಯಿದೆ. ಇವೆರಡೂ ತಮ್ಮ ಕಾಲವನ್ನೂ ತಮಗೆ ಕಾರಣರಾದವರ ಹೆಸರನ್ನೂ ತಾವೇ ಸಾರುತ್ತವೆ. ಛಾಯಾಚಿತ್ರದ ಸ್ವಭಾವ ಬೇರೆ. ಅದು ತನ್ನ ಮುಂದಿದ್ದುದನ್ನೆಲ್ಲ ಒಂದು ಕೂದಲೆಳೆಯೂ ಬಿಡದಂತೆ ತೋರಿಸುತ್ತದೆ. ಆದರೆ ಇದು ಯಾವ ಊರು, ಯಾವ ವರ್ಷ, ತೆಗೆದವರು ಯಾರು ಎಂದು ಕೇಳಿದರೆ ಮೌನವಾಗಿಬಿಡುತ್ತದೆ. ಆ ಉತ್ತರವನ್ನು ನಾವು ಬರೆದಿಡಬೇಕು. ಬರೆದಿಟ್ಟ ಉತ್ತರವು ಚಿತ್ರದಿಂದ ಬೇರ್ಪಡದಂತೆಯೂ ಕಾಯ್ದುಕೊಳ್ಳಬೇಕು.

ಈ ಸೀಮೆಯ ಗುಡಿಗಳಿಗೆ ಛಾಯಾಚಿತ್ರದ ಪರಿಚಯ ಬಹು ಹಿಂದಿನದು. 1855ರಲ್ಲಿ ಮುಂಬಯಿ ಸರಕಾರವು ತನ್ನ ಪ್ರಾಂತದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಥಾಮಸ್ ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯನ್ನು ನೇಮಿಸಿತು. ಆತನು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ಹಿಡಿದನು. ಬಳಿಕ ಆ ಕೆಲಸ ಡಾಕ್ಟರ್ ಪಿಗೂ ಎಂಬ ವೈದ್ಯಾಧಿಕಾರಿಯ ಪಾಲಿಗೆ ಬಂದಿತು. ಬಿಗ್ಸ್, ಪಿಗೂ ಹಾಗೂ ನೀಲ್ ಎಂಬ ಮತ್ತೊಬ್ಬ ಅಧಿಕಾರಿ, ಈ ಮೂವರು ತೆಗೆದ ಚಿತ್ರಗಳನ್ನು ಒಳಗೊಂಡು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಚಿತ್ರಗಳು ಇಂದಿಗೂ ಬೆಲೆಯುಳ್ಳವಾಗಿರುವುದಕ್ಕೆ ಕಾರಣವೇನು? ಅವುಗಳೊಡನೆ ತೆಗೆದವರ ಹೆಸರೂ ಸ್ಥಳದ ಹೆಸರೂ ಕಾಲವೂ ಉಳಿದು ಬಂದಿವೆ. ಅವು ಅಳಿದಿದ್ದರೆ ಆ ಕಾಗದಗಳು ಯಾವುದೋ ಊರಿನ ಯಾವುದೋ ಕಲ್ಲುಗಳ ಬಿಂಬಗಳಾಗಿ ಉಳಿಯುತ್ತಿದ್ದವು.

ಗುಡಿಗಳ ಮಾತು ಹಾಗಿರಲಿ. ಗುಡಿಗಳು ನಿಂತಲ್ಲಿಯೇ ನಿಂತಿವೆ, ಸಂದೇಹ ಬಂದರೆ ಹೋಗಿ ನೋಡಬಹುದು. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯನ್ನು ನೆನೆಯಿರಿ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದ ಮೇಲೆ ಅದರ ಹಿನ್ನೀರು ಘಟಪ್ರಭೆಯಲ್ಲಿಯೂ ಏರಿ, ಹಳೆಯ ಪಟ್ಟಣದ ತಗ್ಗಿನ ಭಾಗಗಳನ್ನು ಆಕ್ರಮಿಸಿತು. ಜನರು ನವನಗರಕ್ಕೆ ತೆರಳಿದರು. ಅಲ್ಲಿದ್ದ ಓಣಿಗಳನ್ನು, ಅಂಗಡಿಗಳನ್ನು, ಮನೆಗಳ ಕಟ್ಟೆಗಳನ್ನು ಮತ್ತೆ ನೋಡಬೇಕೆಂದರೆ ಇನ್ನು ಛಾಯಾಚಿತ್ರವೇ ಗತಿ. ಆ ಚಿತ್ರಗಳು ಮನೆಮನೆಯ ಟ್ರಂಕುಗಳಲ್ಲಿ, ಮದುವೆಯ ಆಲ್ಬಂಗಳಲ್ಲಿ ಚದುರಿಹೋಗಿವೆ. “ಇದು ನಮ್ಮ ಓಣಿಯ ಬಾವಿ, ಪಕ್ಕದಲ್ಲಿ ನಿಂತವಳು ನಮ್ಮ ಅವ್ವ” ಎಂದು ಬೆರಳಿಟ್ಟು ತೋರಿಸಬಲ್ಲ ಹಿರಿಯರು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ. ಅವರು ಹೇಳಿದ್ದನ್ನು ತಪ್ಪಾಗಿ ಬರೆದುಕೊಂಡರೆ ತಿದ್ದುವವರು ಮುಂದೆ ಯಾರೂ ಇರಲಾರರು.

ಹೀಗಿರಲು, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ಊರುಗಳ ಶಾಲೆಗಳ ವಿದ್ಯಾರ್ಥಿಗಳು ಕೂಡಿ ತಮ್ಮ ಸೀಮೆಯ ಚಿತ್ರಗಳನ್ನು ಸಂಗ್ರಹಿಸಿ ಗಣಕಯಂತ್ರದಲ್ಲಿ ಇರಿಸಲು ಹೊರಟರೆಂದು ಭಾವಿಸೋಣ. ಅವರು ಮೊದಲು ಮಾಡುವುದೇನು? ಒಂದು ದೊಡ್ಡ ಪಟ್ಟಿಯನ್ನು ಹಾಕುತ್ತಾರೆ. ಒಂದೊಂದು ಚಿತ್ರಕ್ಕೆ ಒಂದೊಂದು ಸಾಲು; ಸಾಲಿನಲ್ಲಿ ಚಿತ್ರದ ವಿಷಯ, ಊರು, ತಾಲ್ಲೂಕು, ಜಿಲ್ಲೆ, ತೆಗೆದವರ ಹೆಸರು, ಅವರ ಊರು, ವರ್ಷ ಎಂಬ ಅಂಕಣಗಳು. ನೂರು ಚಿತ್ರಗಳವರೆಗೆ ಈ ಪಟ್ಟಿ ಸೊಗಸಾಗಿಯೇ ಇರುತ್ತದೆ. ಚಿತ್ರಗಳು ಸಾವಿರಗಟ್ಟಲೆ ಆದಂತೆ ಅದರ ದೋಷಗಳು ಒಂದೊಂದಾಗಿ ತಲೆಯೆತ್ತುತ್ತವೆ.

ಮೊದಲನೆಯ ದೋಷ ಪುನರುಕ್ತಿ. ಪಟ್ಟದಕಲ್ಲಿನ ಐನೂರು ಚಿತ್ರಗಳಿದ್ದರೆ “ಪಟ್ಟದಕಲ್ಲು, ಬಾದಾಮಿ ತಾಲ್ಲೂಕು” ಎಂಬುದನ್ನು ಐನೂರು ಸಲ ಬರೆಯಬೇಕು. ಬರೆಯುವ ಕೈಗಳು ಹಲವಾದಾಗ ಒಬ್ಬನು ಇಳಕಲ್ ಎಂದೂ ಮತ್ತೊಬ್ಬನು ಇಳಕಲ್ಲು ಎಂದೂ ಇನ್ನೊಬ್ಬನು ಇಲಕಲ್ಲ ಎಂದೂ ಬರೆಯುತ್ತಾನೆ. ನಮಗೆ ಇವು ಒಂದೇ ಊರು. ಅಕ್ಷರವನ್ನೇ ನಂಬಿದ ಯಂತ್ರಕ್ಕೆ ಇವು ಮೂರು ಊರುಗಳು. ಒಂದನ್ನು ಹುಡುಕಿದವನಿಗೆ ಮಿಕ್ಕೆರಡರ ಚಿತ್ರಗಳು ದೊರೆಯವು.

ಎರಡನೆಯ ದೋಷ ತಿದ್ದುಪಡಿಯ ತೊಡಕು. ಬಾದಾಮಿಯು ಹಿಂದೆ ಕಲಾದಗಿ ಜಿಲ್ಲೆಯಲ್ಲಿತ್ತು. ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ 1874ರಲ್ಲಿ ಈ ಭಾಗದ ಸ್ಮಾರಕಗಳನ್ನು ಕುರಿತು ಸಿದ್ಧಪಡಿಸಿದ ವರದಿಯಲ್ಲಿ ಜಿಲ್ಲೆಯ ಹೆಸರು ಕಲಾದಗಿ ಎಂದೇ ಇದೆ. 1885ರಲ್ಲಿ ಜಿಲ್ಲಾ ಕೇಂದ್ರವು ಬಿಜಾಪುರಕ್ಕೆ ಹೋಯಿತು. 1997ರಲ್ಲಿ ಬಾದಾಮಿ, ಬಾಗಲಕೋಟೆ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ ಈ ಆರು ತಾಲ್ಲೂಕುಗಳು ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದವು. 2014ರಲ್ಲಿ ಬಿಜಾಪುರವು ವಿಜಯಪುರವೆಂದು ಹೆಸರು ಪಡೆಯಿತು. ಮುಂದೆ ಹುನಗುಂದದಿಂದ ಇಳಕಲ್ಲೂ ಬಾದಾಮಿಯಿಂದ ಗುಳೇದಗುಡ್ಡವೂ ಬೇರೆ ತಾಲ್ಲೂಕುಗಳಾದವು. ಒಂದೇ ಪಟ್ಟಿಯನ್ನು ನೆಚ್ಚಿದವರು ಪ್ರತಿಯೊಂದು ಬದಲಾವಣೆಗೂ ಸಾವಿರಾರು ಸಾಲುಗಳನ್ನು ತಿದ್ದಬೇಕು. ತಿದ್ದುವಾಗ ನಾಲ್ಕು ಸಾಲು ತಪ್ಪಿಹೋದರೆ ಒಂದೇ ಊರು ಎರಡು ಜಿಲ್ಲೆಗಳಲ್ಲಿ ಇದ್ದಂತಾಗುತ್ತದೆ.

ಮೂರನೆಯ ದೋಷ ಇನ್ನೂ ಸೂಕ್ಷ್ಮವಾದುದು. ಒಬ್ಬ ಛಾಯಾಗ್ರಾಹಕನ ಒಂದೇ ಚಿತ್ರ ಪಟ್ಟಿಯಲ್ಲಿದ್ದು, ಯಾವುದೋ ಕಾರಣದಿಂದ ಆ ಸಾಲನ್ನು ಅಳಿಸಿದರೆ ಆತನ ಹೆಸರೂ ಊರೂ ಅದರೊಡನೆಯೇ ಅಳಿದುಹೋಗುತ್ತವೆ. ಹಾಗೆಯೇ, ಇನ್ನೂ ಚಿತ್ರ ದೊರೆಯದ ಒಂದು ಗುಡಿಯ ವಿವರವನ್ನು ಮುಂಚಿತವಾಗಿ ಬರೆದಿಡಲು ಈ ಪಟ್ಟಿಯಲ್ಲಿ ಎಡೆಯೇ ಇಲ್ಲ.

ಈ ದೋಷಗಳಿಗೆ ಪರಿಹಾರವನ್ನು ತೋರಿಸಿದವನು ಎಡ್ಗರ್ ಫ್ರಾಂಕ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿದ ಈತನು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದಾಗ, 1970ರಲ್ಲಿ, ಒಂದು ಪ್ರಬಂಧವನ್ನು ಪ್ರಕಟಿಸಿದನು. ಮಾಹಿತಿಯನ್ನು ಸಾಲು ಮತ್ತು ಅಂಕಣಗಳುಳ್ಳ ಸರಳ ಕೋಷ್ಟಕಗಳಲ್ಲಿ ಇಡಬೇಕು. ಒಂದು ಕೋಷ್ಟಕಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಕೋಷ್ಟಕಗಳೊಳಗಿನ ಬೆಲೆಗಳಿಂದಲೇ ಸೂಚಿಸಬೇಕು ಎಂಬುದು ಅದರ ಸಾರ. ಈ ಕಾರ್ಯಕ್ಕಾಗಿ ಅವನಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಇಂದು ಬ್ಯಾಂಕು, ರೈಲ್ವೆ, ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ದತ್ತಸಂಚಯಗಳಲ್ಲಿ, ಅಂದರೆ ಡೇಟಾಬೇಸುಗಳಲ್ಲಿ, ಬಹುಪಾಲು ಈ ತತ್ತ್ವದ ಮೇಲೆಯೇ ನಿಂತಿವೆ.

ಅವನ ಮಾರ್ಗದಲ್ಲಿ ನಮ್ಮ ಚಿತ್ರಕೋಶವನ್ನು ವಿಂಗಡಿಸೋಣ. ಒಂದು ಕೋಷ್ಟಕವು ಒಂದೇ ಬಗೆಯ ವಸ್ತುವನ್ನು ಕುರಿತು ಹೇಳಬೇಕು. ಆದುದರಿಂದ ನಮಗೆ ಬೇಕಾದ ಮೊದಲ ಕೋಷ್ಟಕಗಳು ಇವು:

ಜಿಲ್ಲೆ: ಜಿಲ್ಲೆಯ ಸಂಖ್ಯೆ, ಹೆಸರು.
ತಾಲ್ಲೂಕು: ತಾಲ್ಲೂಕಿನ ಸಂಖ್ಯೆ, ಹೆಸರು, ಜಿಲ್ಲೆಯ ಸಂಖ್ಯೆ.
ಊರು: ಊರಿನ ಸಂಖ್ಯೆ, ಹೆಸರು, ತಾಲ್ಲೂಕಿನ ಸಂಖ್ಯೆ.
ಸ್ಮಾರಕ: ಸ್ಮಾರಕದ ಸಂಖ್ಯೆ, ಹೆಸರು, ಊರಿನ ಸಂಖ್ಯೆ.
ಛಾಯಾಗ್ರಾಹಕ: ಛಾಯಾಗ್ರಾಹಕನ ಸಂಖ್ಯೆ, ಹೆಸರು, ವಿವರ.
ಚಿತ್ರ: ಚಿತ್ರದ ಸಂಖ್ಯೆ, ತೆಗೆದ ವರ್ಷ, ಊರಿನ ಸಂಖ್ಯೆ, ಛಾಯಾಗ್ರಾಹಕನ ಸಂಖ್ಯೆ.

ಪ್ರತಿಯೊಂದು ಕೋಷ್ಟಕದ ಮೊದಲ ಅಂಕಣದಲ್ಲಿ ಒಂದು ಸಂಖ್ಯೆಯಿದೆ. ಆ ಕೋಷ್ಟಕದೊಳಗೆ ಅದು ಎರಡು ಸಾಲುಗಳಿಗೆ ಸಲ್ಲುವಂತಿಲ್ಲ, ಖಾಲಿಯಾಗಿರುವಂತೆಯೂ ಇಲ್ಲ. ಇದಕ್ಕೆ ಪ್ರೈಮರಿ ಕೀ, ಅಂದರೆ ಮೂಲ ಕೀಲಿ ಎಂದು ಹೆಸರು. ಹೆಸರೇ ಇರುವಾಗ ಸಂಖ್ಯೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಉತ್ತರವನ್ನು ನಮ್ಮ ಗುಡಿಗಳೇ ಕೊಡುತ್ತವೆ.

ಮಲ್ಲಿಕಾರ್ಜುನ ದೇವಾಲಯವು ಪಟ್ಟದಕಲ್ಲಿನಲ್ಲಿದೆ. ಬಾದಾಮಿಯಲ್ಲಿಯೂ ಮಹಾಕೂಟದಲ್ಲಿಯೂ ಐಹೊಳೆಯಲ್ಲಿಯೂ ಆ ಹೆಸರಿನ ಗುಡಿಗಳಿವೆ. ಸಂಗಮೇಶ್ವರನು ಪಟ್ಟದಕಲ್ಲಿನಲ್ಲಿಯೂ ಇದ್ದಾನೆ, ಕೂಡಲಸಂಗಮದಲ್ಲಿಯೂ ಇದ್ದಾನೆ. ಹೀಗೆ ಒಂದು ಹೆಸರಿಗೆ ಹಲವು ಗುಡಿಗಳು. ಇದಕ್ಕೆ ವಿರುದ್ಧವಾಗಿ ಒಂದು ಗುಡಿಗೆ ಹಲವು ಹೆಸರುಗಳೂ ಉಂಟು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದಾಗ ಅದರ ಹೆಸರು ಲೋಕೇಶ್ವರ. ಅದೇ ಊರಿನ ಸಂಗಮೇಶ್ವರವು ವಿಜಯಾದಿತ್ಯನ ಕಾಲದಲ್ಲಿ ವಿಜಯೇಶ್ವರವಾಗಿತ್ತು. ಇನ್ನು ಐಹೊಳೆಯ ದುರ್ಗದ ಗುಡಿಯ ಹೆಸರು ಕೇಳಿ ಅದು ದುರ್ಗಾದೇವಿಯ ಆಲಯವೆಂದು ಬಗೆದವರು ಅನೇಕರು. ಅದು ಒಂದು ಕಾಲಕ್ಕೆ ಕೋಟೆಗೆ, ಅಂದರೆ ದುರ್ಗಕ್ಕೆ, ಸೇರಿಕೊಂಡಿದ್ದುದರಿಂದ ಆ ಹೆಸರು ಬಂದಿತು. ಅಲ್ಲಿಯೇ ಇರುವ ಲಾಡಖಾನ ಗುಡಿಗಂತೂ ಮುಂದೆ ಎಂದೋ ಅಲ್ಲಿ ವಾಸಿಸಿದ್ದವನೊಬ್ಬನ ಹೆಸರು ಅಂಟಿಕೊಂಡಿದೆ. ಹೆಸರು ಜನರ ನಾಲಗೆಯ ಮೇಲೆ ಬದಲಾಗುತ್ತ ಹೋಗುವಂಥದು. ಕೆಲವೊಮ್ಮೆ ದಾರಿ ತಪ್ಪಿಸುವಂಥದು. ಯಾವ ಅರ್ಥವನ್ನೂ ಹೊರದ ಒಂದು ಸಂಖ್ಯೆಯಾದರೆ ಬದಲಾಗುವ ಕಾರಣವೇ ಇಲ್ಲ. ಗುರುತಿನ ಹೊಣೆಯನ್ನು ಸಂಖ್ಯೆಗೆ ವಹಿಸಿ, ಹೆಸರುಗಳಿಗಾಗಿ ಮತ್ತೊಂದು ಕೋಷ್ಟಕವನ್ನೇ ಮಾಡಬಹುದು: ಸ್ಮಾರಕದ ಸಂಖ್ಯೆ, ಹೆಸರು, ಹೆಸರಿನ ಕಾಲ. ಆಗ ಲೋಕೇಶ್ವರವೆಂದು ಹುಡುಕಿದವನೂ ವಿರೂಪಾಕ್ಷವೆಂದು ಹುಡುಕಿದವನೂ ಒಂದೇ ಬಾಗಿಲಿಗೆ ಬಂದು ಸೇರುತ್ತಾರೆ.

ಈಗ ಕೋಷ್ಟಕಗಳು ಬೇರೆ ಬೇರೆಯಾದವು. ಅವುಗಳನ್ನು ಕೂಡಿಸುವುದು ಹೇಗೆ? ಇದನ್ನು ತಿಳಿಯಲು ಇಳಕಲ್ಲಿನ ಒಂದು ಮಗ್ಗದ ಮನೆಗೆ ಹೋಗೋಣ. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಶ್ಮೆಯದಾಗಿರಬಹುದು. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ನೇಕಾರರು ಕುಣಿಕೆಗಳಿಂದ ಒಂದಕ್ಕೊಂದು ಸಿಕ್ಕಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಒಡಲು ತನ್ನ ಗುಣವನ್ನು ಬಿಡದು, ಸೆರಗು ತನ್ನ ಗುಣವನ್ನು ಬಿಡದು. ಆದರೂ ಸೀರೆ ಒಂದೇ. ಕೊಂಡಿ ಹಾಕುವಾಗ ಒಂದು ಎಳೆಯು ತನ್ನ ಜೊತೆಯ ಎಳೆಯನ್ನು ಸೇರದೆ ಉಳಿದರೆ ಅಲ್ಲಿ ನೇಯ್ಗೆ ಕೆಡುತ್ತದೆ. ಆದಕಾರಣ ಕೊಂಡಿಯ ಕೆಲಸದಲ್ಲಿ ಅವಸರ ಸಲ್ಲದು.

ಚಿತ್ರದ ಕೋಷ್ಟಕದಲ್ಲಿ ಊರಿನ ಸಂಖ್ಯೆ ಎಂಬ ಅಂಕಣವಿದೆಯಷ್ಟೆ. ಊರಿನ ಕೋಷ್ಟಕದಲ್ಲಿ ಮೂಲ ಕೀಲಿಯಾಗಿರುವ ಸಂಖ್ಯೆಯೇ ಇಲ್ಲಿ ಬಂದು ಕುಳಿತಿದೆ. ಬೇರೆಯ ಕೋಷ್ಟಕದ ಕೀಲಿಯಾದ್ದರಿಂದ ಇದಕ್ಕೆ ಫಾರಿನ್ ಕೀ, ಅಂದರೆ ಪರಕೀಲಿ ಎನ್ನುತ್ತಾರೆ. ಇದೇ ದತ್ತಸಂಚಯದ ಕೊಂಡಿ. ಚಿತ್ರವು ಊರನ್ನು ಹಿಡಿದಿದೆ, ಊರು ತಾಲ್ಲೂಕನ್ನು ಹಿಡಿದಿದೆ, ತಾಲ್ಲೂಕು ಜಿಲ್ಲೆಯನ್ನು ಹಿಡಿದಿದೆ. 1997ರಲ್ಲಿ ಆದಂಥ ಬದಲಾವಣೆ ಬಂದರೆ ಜಿಲ್ಲೆಯ ಕೋಷ್ಟಕಕ್ಕೆ ಒಂದು ಸಾಲನ್ನು ಸೇರಿಸಿ, ತಾಲ್ಲೂಕಿನ ಕೋಷ್ಟಕದಲ್ಲಿ ಆರು ಸಾಲುಗಳ ಜಿಲ್ಲಾ ಸಂಖ್ಯೆಯನ್ನು ಬದಲಿಸಿದರೆ ಕೆಲಸ ಮುಗಿಯಿತು. ಚಿತ್ರಗಳು ಹತ್ತು ಸಾವಿರವಿರಲಿ, ಲಕ್ಷವಿರಲಿ, ಅವುಗಳ ಸಾಲನ್ನು ಮುಟ್ಟಬೇಕಾಗಿಲ್ಲ. ಹಳೆಯ ಚಿತ್ರ ತೆಗೆದ ಕಾಲಕ್ಕೆ ಊರು ಯಾವ ಜಿಲ್ಲೆಯಲ್ಲಿತ್ತು ಎಂಬುದೂ ಬೇಕಾದರೆ, ತಾಲ್ಲೂಕು ಮತ್ತು ಜಿಲ್ಲೆಯ ಸಂಬಂಧವನ್ನು ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ’ ಎಂಬ ಅಂಕಣಗಳೊಡನೆ ಪ್ರತ್ಯೇಕ ಕೋಷ್ಟಕದಲ್ಲಿ ಇಡಬಹುದು.

ಪರಕೀಲಿಯು ಕೇವಲ ದಾರಿ ತೋರಿಸುವುದಿಲ್ಲ, ಕಾವಲನ್ನೂ ಕಾಯುತ್ತದೆ. ಊರಿನ ಕೋಷ್ಟಕದಲ್ಲಿ 57ನೆಯ ಸಂಖ್ಯೆಯೇ ಇಲ್ಲದಿರುವಾಗ ಯಾರಾದರೂ ಒಂದು ಚಿತ್ರಕ್ಕೆ 57 ಎಂದು ಬರೆಯಲು ಹೋದರೆ ದತ್ತಸಂಚಯವು ಅದನ್ನು ಒಪ್ಪದೆ ಹಿಂದಿರುಗಿಸುತ್ತದೆ. ಜೊತೆಯ ಎಳೆಯಿಲ್ಲದ ಕೊಂಡಿಗೆ ಅಲ್ಲಿ ಅವಕಾಶವಿಲ್ಲ. ಅಂತೆಯೇ ಅಳಿಸುವ ವಿಷಯದಲ್ಲಿಯೂ ಕಟ್ಟಳೆಗಳಿವೆ. ಚಿತ್ರಗಳನ್ನು ಹೊಂದಿರುವ ಛಾಯಾಗ್ರಾಹಕನ ಸಾಲನ್ನು ಅಳಿಸಲು ಹೊರಟಾಗ ಮೂರು ಬಗೆಯ ಆಜ್ಞೆಗಳು ಸಾಧ್ಯ. ಮೊದಲನೆಯದು, ಅಳಿಸುವುದನ್ನು ತಡೆಯುವುದು. ಎರಡನೆಯದು, ಆತನ ಚಿತ್ರಗಳ ಸಾಲುಗಳನ್ನೂ ಜೊತೆಗೇ ಅಳಿಸಿಬಿಡುವುದು. ಮೂರನೆಯದು, ಚಿತ್ರಗಳನ್ನು ಉಳಿಸಿ ಛಾಯಾಗ್ರಾಹಕನ ಸಂಖ್ಯೆಯ ಎಡೆಯನ್ನು ಮಾತ್ರ ಬರಿದು ಮಾಡುವುದು. ನೆನಪನ್ನು ಉಳಿಸುವುದಕ್ಕಾಗಿಯೇ ಹುಟ್ಟಿದ ಸಂಗ್ರಹಕ್ಕೆ ಮೊದಲನೆಯದೇ ತಕ್ಕುದು. ಎರಡನೆಯದನ್ನು ಇಲ್ಲಿ ವಿಧಿಸಿದರೆ ಒಂದು ಹೆಸರನ್ನು ಅಳಿಸಿದ ಕೈ ತಿಳಿಯದೆಯೇ ನೂರು ಚಿತ್ರಗಳ ದಾಖಲೆಯನ್ನು ಅಳಿಸಿಬಿಡುತ್ತದೆ.

ಮುಂದಿನ ಸಮಸ್ಯೆ ಒಂದು ಚಿತ್ರದಲ್ಲಿ ಹಲವು ವಿಷಯಗಳಿರುವುದು. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ದೇವಾಲಯಗಳು ಅಕ್ಕಪಕ್ಕದಲ್ಲಿಯೇ ನಿಂತಿವೆ. ಒಂದೇ ಚಿತ್ರದಲ್ಲಿ ಎರಡೂ ಕಾಣುತ್ತವೆ. ವಿರೂಪಾಕ್ಷದ ಚಿತ್ರಗಳಾದರೋ ನೂರಾರು. ಅಂದರೆ ಒಂದು ಚಿತ್ರಕ್ಕೆ ಹಲವು ಸ್ಮಾರಕಗಳು, ಒಂದು ಸ್ಮಾರಕಕ್ಕೆ ಹಲವು ಚಿತ್ರಗಳು. ಚಿತ್ರದ ಕೋಷ್ಟಕದಲ್ಲಿ ‘ಸ್ಮಾರಕ 1’, ‘ಸ್ಮಾರಕ 2’, ‘ಸ್ಮಾರಕ 3’ ಎಂದು ಅಂಕಣಗಳನ್ನು ಹಾಕುವುದು ಸುಲಭವೆನಿಸೀತು; ಆದರೆ ನಾಲ್ಕನೆಯ ಗುಡಿ ಕಂಡ ದಿನ ಆ ಏರ್ಪಾಡು ಮುರಿದುಬೀಳುತ್ತದೆ. ಇದಕ್ಕೆ ತಕ್ಕ ಉಪಾಯ ನಡುವೆ ಒಂದು ಸಂಧಿ ಕೋಷ್ಟಕವನ್ನು ಇಡುವುದು. ಅದರಲ್ಲಿ ಇರುವುದು ಎರಡೇ ಅಂಕಣಗಳು: ಚಿತ್ರದ ಸಂಖ್ಯೆ, ಸ್ಮಾರಕದ ಸಂಖ್ಯೆ. ಎರಡೂ ಪರಕೀಲಿಗಳು, ಎರಡೂ ಸೇರಿ ಆ ಕೋಷ್ಟಕದ ಮೂಲ ಕೀಲಿ. ಎರಡು ಗುಡಿಗಳ ಚಿತ್ರಕ್ಕೆ ಇಲ್ಲಿ ಎರಡು ಸಾಲು, ಐದು ಗುಡಿಗಳ ಚಿತ್ರಕ್ಕೆ ಐದು ಸಾಲು. ಮದುವೆಯ ಚಿತ್ರದಲ್ಲಿ ನಿಂತ ಇಪ್ಪತ್ತು ಮಂದಿಯನ್ನು ಗುರುತಿಸುವುದಕ್ಕೂ ಇದೇ ದಾರಿ. ಅಲ್ಲಿ ‘ಎಡದಿಂದ ಎಷ್ಟನೆಯವರು’, ‘ಗುರುತಿಸಿದವರು ಯಾರು’ ಎಂಬ ಎರಡು ಅಂಕಣಗಳನ್ನು ಕೂಡಿಸಿದರೆ ಮುಂದಿನವರಿಗೆ ಮಹದುಪಕಾರವಾಗುತ್ತದೆ.

ಚಿತ್ರವು ಬೇರೆ, ಚಿತ್ರದ ಪ್ರತಿಯು ಬೇರೆ ಎಂಬುದನ್ನೂ ಮರೆಯಬಾರದು. ಬಿಗ್ಸನು 1855ರಲ್ಲಿ ತೆಗೆದ ಚಿತ್ರವು 1866ರಲ್ಲಿ ಗ್ರಂಥದಲ್ಲಿ ಬಂದಿತು. ಆ ಪುಟವನ್ನು ನಾವು ಇಂದು ಸ್ಕ್ಯಾನ್ ಮಾಡಿದರೆ ಮೂರನೆಯ ದಿನಾಂಕವೊಂದು ಹುಟ್ಟುತ್ತದೆ. ‘ದಿನಾಂಕ’ ಎಂಬ ಒಂದೇ ಅಂಕಣವಿದ್ದಲ್ಲಿ ಇವುಗಳಲ್ಲಿ ಯಾವುದನ್ನು ಬರೆಯುವುದು? ಆದುದರಿಂದ ‘ಪ್ರತಿ’ ಎಂಬ ಕೋಷ್ಟಕವನ್ನು ಬೇರೆ ಮಾಡಿ, ಪ್ರತಿಯೊಂದು ಪ್ರತಿಗೂ ಮೂಲಚಿತ್ರದ ಸಂಖ್ಯೆಯನ್ನು ಪರಕೀಲಿಯಾಗಿ ಕೊಡಬೇಕು. ತೆಗೆದ ಕಾಲ ಚಿತ್ರಕ್ಕೆ ಸಲ್ಲುತ್ತದೆ. ಅಚ್ಚಾದ ಕಾಲ, ಸ್ಕ್ಯಾನ್ ಮಾಡಿದ ಕಾಲಗಳು ಪ್ರತಿಗಳಿಗೆ ಸಲ್ಲುತ್ತವೆ.

ಚಿತ್ರದ ಬಿಂಬವನ್ನು ಎಲ್ಲಿ ಇಡಬೇಕೆಂಬುದು ಉಳಿದ ಪ್ರಶ್ನೆ. ಒಂದು ಚಿತ್ರದ ಕಡತ 5 ಮೆಗಾಬೈಟ್ ಇದ್ದರೆ 12,000 ಚಿತ್ರಗಳಿಗೆ 60,000 ಮೆಗಾಬೈಟ್, ಅಂದರೆ ಸುಮಾರು 60 ಗಿಗಾಬೈಟ್ ಬೇಕು. ಅವುಗಳ ವಿವರದ ಸಾಲು ಒಂದೊಂದೂ 500 ಬೈಟ್ ಎಂದಿಟ್ಟುಕೊಂಡರೆ ಎಲ್ಲವೂ ಸೇರಿ 6 ಮೆಗಾಬೈಟ್ ಮಾತ್ರ. ಬಿಂಬಗಳನ್ನು ಕೋಷ್ಟಕದೊಳಗೇ ತುಂಬಿದರೆ ವಿವರವೂ ಬಿಂಬವೂ ಒಂದೆಡೆ ಇದ್ದು, ಒಂದೇ ನಕಲಿನಲ್ಲಿ ಎರಡೂ ಸುರಕ್ಷಿತವಾಗುತ್ತವೆ ಎಂಬುದು ನಿಜ. ಆದರೆ ದತ್ತಸಂಚಯವು ಬಹು ದೊಡ್ಡದಾಗಿ ಬೆಳೆಯುತ್ತದೆ. ಆದ್ದರಿಂದ ಬಿಂಬಗಳನ್ನು ಕಡತಗಳಾಗಿ ಬೇರೆ ಇರಿಸಿ, ಅವು ಇರುವ ಎಡೆಯ ವಿಳಾಸವನ್ನು ಪ್ರತಿಯ ಕೋಷ್ಟಕದಲ್ಲಿ ಬರೆಯುವುದು ರೂಢಿ. ಇದರಲ್ಲಿ ಒಂದು ಅಪಾಯವುಂಟು. ಪರಕೀಲಿಯ ಕಾವಲು ಕೋಷ್ಟಕಗಳ ಎಲ್ಲೆಯನ್ನು ದಾಟದು. ಹೊರಗಿನ ಕಡತದ ಹೆಸರನ್ನು ಯಾರಾದರೂ ಬದಲಿಸಿದರೆ ಅದು ದತ್ತಸಂಚಯಕ್ಕೆ ತಿಳಿಯುವುದೇ ಇಲ್ಲ. ಅದಕ್ಕಾಗಿ ಕಡತಕ್ಕೆ ‘ಬಾದಾಮಿ ಚೆಂದದ ಚಿತ್ರ’ ಎಂಬಂಥ ಹೆಸರನ್ನು ಇಡದೆ ಪ್ರತಿಯ ಸಂಖ್ಯೆಯನ್ನೇ ಇಡಬೇಕು. ಕಡತಗಳಿಗೂ ಕೋಷ್ಟಕಗಳಿಗೂ ಒಟ್ಟೊಟ್ಟಿಗೆ ನಕಲು ಮಾಡಿ ಬೇರೆ ಊರಿನಲ್ಲಿ ಇರಿಸಬೇಕು. ನೀರು ಏರಿದ ಊರಿನವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ತಿಳಿಯದಿರುವುದನ್ನು ಕುರಿತ ಮಾತು. ಹಳೆಯ ಚಿತ್ರ ತೆಗೆದವರು ಯಾರೆಂದು ಗೊತ್ತಿಲ್ಲದಿದ್ದರೆ ಆ ಎಡೆಯನ್ನು ಬರಿದಾಗಿ ಬಿಡಲು ದತ್ತಸಂಚಯದಲ್ಲಿ ಅವಕಾಶವಿದೆ. ಬರಿದಾದ ಎಡೆಗೆ ‘ಇನ್ನೂ ತಿಳಿದಿಲ್ಲ’ ಎಂದು ಅರ್ಥ. ಪಟ್ಟಿ ತುಂಬಿ ಕಾಣಲೆಂದು ಊಹೆಯ ಹೆಸರನ್ನು ಬರೆದರೆ ಮುಂದೆ ನೋಡುವವನು ಅದನ್ನು ಸತ್ಯವೆಂದೇ ಬಗೆಯುತ್ತಾನೆ. ಇಲ್ಲದ ಊರಿನ ಸಂಖ್ಯೆಯನ್ನು ಪರಕೀಲಿ ತಡೆದೀತು. ಇರುವ ಊರುಗಳಲ್ಲಿಯೇ ತಪ್ಪು ಊರನ್ನು ಬರೆದರೆ ಅದು ಅರಿಯದು. ಬಾದಾಮಿಯ ಮಲ್ಲಿಕಾರ್ಜುನನನ್ನು ಮಹಾಕೂಟಕ್ಕೆ ಕಳುಹಿಸಿದರೂ, ಮುಳುಗಿದ ಓಣಿಯ ಒಬ್ಬ ತಾಯಿಯ ಮುಖಕ್ಕೆ ಬೇರೊಬ್ಬರ ಹೆಸರನ್ನು ಅಂಟಿಸಿದರೂ ಯಂತ್ರವು ಮೌನವಾಗಿ ಒಪ್ಪಿಕೊಳ್ಳುತ್ತದೆ. ಕೊಂಡಿ ಇದೆಯೇ ಎಂದು ನೋಡುವುದು ಯಂತ್ರದ ಕೆಲಸ. ಸರಿಯಾದ ಎಳೆಗೆ ಹಾಕಿದ್ದೇವೆಯೇ ಎಂದು ನೋಡುವುದು ನೇಕಾರನ ಕೆಲಸ. ಆ ನೇಕಾರರು ನಾವು. ನಮ್ಮ ಹಿರಿಯರು ನಮ್ಮೊಡನೆ ಇರುವಾಗಲೇ ಟ್ರಂಕನ್ನು ತೆರೆದು, ಚಿತ್ರಗಳನ್ನು ಅವರ ಮುಂದೆ ಹರಡಿ, ಕೇಳಿ ಬರೆದುಕೊಳ್ಳುವುದೇ ಈ ವಿದ್ಯೆಯ ಮೊದಲ ಪಾಠ.

ಅಭ್ಯಾಸ

1. ಶಾಸನಕ್ಕೂ ಛಾಯಾಚಿತ್ರಕ್ಕೂ ಲೇಖಕರು ಹೇಳುವ ವ್ಯತ್ಯಾಸವೇನು?
2. ಎಲ್ಲ ವಿವರಗಳನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದರಿಂದ ಒದಗುವ ದೋಷಗಳನ್ನು ಉದಾಹರಣೆ ಸಹಿತ ವಿವರಿಸಿರಿ.
3. ಗುಡಿಯ ಹೆಸರನ್ನೇ ಮೂಲ ಕೀಲಿಯಾಗಿ ಮಾಡಬಾರದೇಕೆ?
4. ಇಳಕಲ್ ಸೀರೆಯ ಕೊಂಡಿಗೂ ಪರಕೀಲಿಗೂ ಇರುವ ಹೋಲಿಕೆಯನ್ನು ತಿಳಿಸಿರಿ.
5. ಸಂಧಿ ಕೋಷ್ಟಕವು ಯಾವಾಗ ಬೇಕಾಗುತ್ತದೆ?
6. ನಿಮ್ಮ ಮನೆಯ ಹತ್ತು ಚಿತ್ರಗಳನ್ನು ಆರಿಸಿ, ಅವುಗಳಿಗೆ ತಕ್ಕ ಕೋಷ್ಟಕಗಳನ್ನು ರಚಿಸಿರಿ. ತಿಳಿಯದ ವಿವರಗಳ ಎಡೆಯನ್ನು ಬರಿದಾಗಿಯೇ ಬಿಟ್ಟು, ಹಿರಿಯರನ್ನು ಕೇಳಿ ತುಂಬಿರಿ.